ಹೆಸರಿನಲ್ಲಿ ಕೋಮಾ ಇರುವವರು

ತಂಗಿಯ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟ ಮುಗಿದು ನೆಂಟರೆಲ್ಲ ಚಪ್ಪಲಿ ಹುಡುಕಿಕೊಂಡು ಹೊರಟ ಮೇಲೆ ಮಂಗಳೂರಿನ ಕೊಟ್ಟಾರದ ಜರ್ಮನ್ ಕಲಿಸುವ ಕೇಂದ್ರದ ಮಾಲೀಕರು ಫೋನ್ ಮಾಡಿದರು. ಅವರ ಕಂಪ್ಯೂಟರುಗಳನ್ನು ಸರಿಪಡಿಸಿ ಕೊಡುತ್ತೇನೆಂದು ನಾನು ಮೊದಲೇ ಒಪ್ಪಿಕೊಂಡಿದ್ದೆ. ಈಗಲೇ ಬೇಡ, ಸ್ವಲ್ಪ ಸುಧಾರಿಸಿಕೊಂಡು ಬನ್ನಿ ಎಂದರು. ಸುಧಾರಿಸಿಕೊಳ್ಳಲು ನನಗೆ ಏನೂ ಆಗಿರಲಿಲ್ಲ. ಅಳು ಬಂದಿರಲಿಲ್ಲ, ನಿದ್ದೆ ಬರುತ್ತಿತ್ತು, ಹಸಿವೂ ಆಗುತ್ತಿತ್ತು. ಮನೆಗೆ ಬಂದವರು ನನ್ನ ಮುಖ ನೋಡಿ ಗಟ್ಟಿಗಿತ್ತಿ ಎಂದು ಹೊಗಳಿ ಹೋಗಿದ್ದರು. ಗಟ್ಟಿಯೂ ಅಲ್ಲ, ಮಣ್ಣೂ ಅಲ್ಲ. ಹಲ್ಲು ಕೀಳುವ ಮೊದಲು ವಸಡಿಗೆ ಚುಚ್ಚುತ್ತಾರಲ್ಲ, ಆಮೇಲೆ ನಮ್ಮ ಕೆನ್ನೆ ನಾವೇ ಮುಟ್ಟಿದರೂ ಬೇರೆ ಯಾರದ್ದೋ ಕೆನ್ನೆ ಮುಟ್ಟಿದಂತೆ ಆಗುತ್ತದೆ. ನನಗೆ ಮೈಯೆಲ್ಲ ಹಾಗೆ ಆಗಿತ್ತು. ಮರುದಿನವೇ ಸುರತ್ಕಲ್ಲಿನಲ್ಲಿ ಬಸ್ಸು ಹತ್ತಿ ಕೆಲಸಕ್ಕೆ ಹೋದೆ.

ಕೇಂದ್ರ ಇದ್ದದ್ದು ಹೆದ್ದಾರಿಯ ಬದಿ, ಒಂದು ಹೋಟೆಲಿನ ಮೇಲಿನ ಮಾಳಿಗೆಯಲ್ಲಿ. ಕೆಳಗಿನಿಂದ ಒಗ್ಗರಣೆಯ ಘಾಟು, ಮೇಲೆ ಜರ್ಮನ್ ವ್ಯಾಕರಣ. ಕಲಿಯಲು ಬರುವವರು ಬಹುತೇಕ ನರ್ಸುಗಳು. ಹಿಂದೆ ಗಲ್ಫಿಗೆ ಹೋಗುತ್ತಿದ್ದವರು ಈಗ ಜರ್ಮನಿಗೆ ಹೊರಟಿದ್ದಾರೆ. ಅಲ್ಲಿಯ ಆಸ್ಪತ್ರೆಗಳು ಕೆಲಸ ಕೊಡುತ್ತವೆ, ಆದರೆ ಮೊದಲು ಭಾಷೆಯ ಪರೀಕ್ಷೆ ಪಾಸಾಗಬೇಕು. ಬೆಳಗಿನ ಬ್ಯಾಚು, ಮಧ್ಯಾಹ್ನದ ಬ್ಯಾಚು, ಸಂಜೆಯ ಬ್ಯಾಚು ಎಲ್ಲರಿಗೂ ಅವೇ ಕಂಪ್ಯೂಟರುಗಳು. ಕೆಲವು ಶನಿವಾರ ಅದೇ ಕೋಣೆಯಲ್ಲಿ ಪರೀಕ್ಷೆಯೂ ನಡೆಯುತ್ತಿತ್ತು. ಒಬ್ಬರು ಅಕ್ಷರ ಚಿಕ್ಕದು ಮಾಡಿ ಹೋಗುತ್ತಿದ್ದರು, ಇನ್ನೊಬ್ಬರು ಪರದೆಯ ಮೇಲೆ ಮಗುವಿನ ಫೋಟೋ ಹಾಕಿ ಹೋಗುತ್ತಿದ್ದರು, ಮತ್ತೊಬ್ಬರು ತಮ್ಮ ಮೇಲ್ ಮುಚ್ಚದೆ ಡ್ಯೂಟಿಗೆ ಓಡುತ್ತಿದ್ದರು. ಯಾರು ಬಂದು ಕೂತರೂ ಆ ಯಂತ್ರದ ಮುಂದೆ ಅವರೇ ಮೊದಲು ಕೂತ ಹಾಗೆ ಇರಬೇಕು, ಎದ್ದು ಹೋದ ಮೇಲೆ ಅವರ ಗುರುತು ಒಂದೂ ಉಳಿಯಬಾರದು ಎಂಬುದು ಮಾಲೀಕರ ಬೇಡಿಕೆ.

ಇದು ಕಷ್ಟದ ಕೆಲಸವಲ್ಲ, ತಾಳ್ಮೆಯ ಕೆಲಸ. ಹಳೆಯ ವಿಂಡೋಸ್ ತೆಗೆದು ಎಲ್ಲದಕ್ಕೂ ಲಿನಕ್ಸ್ ಹಾಕುವುದೆಂದು ಆಗಿತ್ತು. ಲಿನಕ್ಸ್‌ನಲ್ಲಿ ಹೊಸ ಖಾತೆ ತೆರೆದಾಗ ಅದು ಒಂದು ಫೋಲ್ಡರನ್ನು ಇದ್ದ ಹಾಗೆಯೇ ನಕಲು ಮಾಡಿ ಆ ಬಳಕೆದಾರರಿಗೆ ಕೊಡುತ್ತದೆ. ಅದರಲ್ಲಿ ನಾವು ಏನು ಇಟ್ಟರೆ ಅದು ಎಲ್ಲರಿಗೂ ಬರುತ್ತದೆ. ಆ ಫೋಲ್ಡರಿನ ಹೆಸರು ಸ್ಕೆಲ್, ಅಂದರೆ ಸ್ಕೆಲಿಟನ್, ಎಲುಬಿನ ಗೂಡು. ನಮ್ಮ ಕಸುಬಿನವರಿಗೆ ಹೆಸರಿಡಲು ಬೇರೆ ಏನೂ ಸಿಗಲಿಲ್ಲವೋ ಏನೋ. ನಾನು ಅದನ್ನು ಅಚ್ಚು ಎನ್ನುತ್ತೇನೆ. ಒಂದು ಯಂತ್ರದಲ್ಲಿ ಅಚ್ಚು ತಯಾರಿಸಿ, ಪರೀಕ್ಷಿಸಿ, ಉಳಿದ ಯಂತ್ರಗಳಿಗೆ ಹಂಚುವುದು. ಬಂದವರು ಲಾಗಿನ್ ಆದ ಕೂಡಲೇ ಅಚ್ಚಿನಿಂದ ಹೊಸ ಖಾತೆ ಹುಟ್ಟುತ್ತದೆ, ಲಾಗೌಟ್ ಆದ ಕೂಡಲೇ ಅಳಿದುಹೋಗುತ್ತದೆ.

ದಿನವಿಡೀ ಕೂತು ಸಣ್ಣ ಸಣ್ಣ ತೀರ್ಮಾನ ಮಾಡಿದೆ. ಅಕ್ಷರ ಎಷ್ಟು ದೊಡ್ಡದಿರಬೇಕು. ಪರದೆ ತಾನಾಗಿ ಆರಬಾರದು, ಏಕೆಂದರೆ ಪ್ರಬಂಧ ಯೋಚಿಸುತ್ತಾ ಕೂತವರು ಬೆಚ್ಚಿ ಬೀಳುತ್ತಾರೆ. ಬ್ರೌಸರು ಪಾಸ್‌ವರ್ಡ್ ಉಳಿಸಲೇ ಎಂದು ಕೇಳಬಾರದು. ಕಾಗುಣಿತ ತಿದ್ದುವ ಕೆಂಪು ಗೆರೆ ಬರಬಾರದು, ಪರೀಕ್ಷೆಯಲ್ಲಿ ಅದು ಉತ್ತರ ಹೇಳಿಕೊಟ್ಟಂತೆ. ಹೊಸ ಆವೃತ್ತಿ ಬಂದಿದೆ, ಸ್ವಾಗತ, ಏನು ವಿಶೇಷ ಎಂದು ಹಲ್ಲು ಕಿರಿಯುವ ಕಿಟಕಿಗಳೆಲ್ಲ ಬಂದ್. ತಾವೇ ಆರಿಸಿಕೊಂಡದ್ದು ಎಂದು ಜನ ತಿಳಿದಿರುವುದರಲ್ಲಿ ಮುಕ್ಕಾಲು ಪಾಲು ಬೇರೆ ಯಾರೋ ಮೊದಲೇ ಆರಿಸಿಟ್ಟದ್ದು. ನನಗೆ ಆ ಹೊತ್ತಿಗೆ ಅದೇ ಹಿತವಾಗಿತ್ತು. ಏನೂ ಅನಿಸದವಳು ಕೂತು ನೂರು ಜನರಿಗೆ ಏನು ಹಿತ ಎಂದು ತೀರ್ಮಾನಿಸುವುದರಲ್ಲಿ ಸ್ವಲ್ಪ ತಮಾಷೆಯೂ ಇತ್ತು, ಆದರೆ ನಗು ಬರಲಿಲ್ಲ.

ಮೊದಲ ಅಚ್ಚು ಕೆಟ್ಟಿತು. ಬ್ರೌಸರಿನ ಹೊಂದಿಕೆಗಳನ್ನು ಒಂದೊಂದಾಗಿ ಬರೆಯುವ ಬದಲು ನನ್ನ ಸ್ವಂತ ಲ್ಯಾಪ್‌ಟಾಪಿನ ಪ್ರೊಫೈಲನ್ನೇ ಎತ್ತಿ ಅಚ್ಚಿಗೆ ಹಾಕಿದ್ದೆ. ಕಸುಬು ಕಲಿಯುವವರು ಮಾಡುವ ತಪ್ಪು. ಮರುದಿನ ಜರ್ಮನ್ ಕಲಿಸುವ ಟೀಚರು ಮೊದಲ ಯಂತ್ರದಲ್ಲಿ ಹೊಸ ಖಾತೆ ತೆರೆದು ನೋಡಿ, ನನ್ನನ್ನು ಕರೆಯದೆ ಸುಮ್ಮನೆ ಕೂತರು. ಅವರು ಕೊಂಕಣಿ ಮನೆಮಾತಿನವರು, ಗಲ್ಫಿನಲ್ಲಿ ಬಹಳ ಕಾಲ ಶಾಲೆಯಲ್ಲಿ ಕಲಿಸಿ ಬಂದವರು, ಸುಮ್ಮನೆ ಕೂರುವ ಜಾಯಮಾನದವರಲ್ಲ. ನಾನೇ ಹೋಗಿ ನೋಡಿದೆ. ಬ್ರೌಸರು ತೆರೆದ ಕೂಡಲೇ, ಹೆಚ್ಚಾಗಿ ನೋಡಿದ ಪುಟಗಳು ಎಂದು ಚೌಕ ಚೌಕವಾಗಿ ಬಂದು ನಿಂತಿದ್ದವು: ಪ್ಲೇಟ್‌ಲೆಟ್ ಕಡಿಮೆಯಾದರೆ ಏನು ಮಾಡಬೇಕು, ಡೆಂಗಿಯಲ್ಲಿ ಮಿದುಳಿಗೆ ರಕ್ತಸ್ರಾವ, ರಕ್ತದಾನಿಗಳ ಗುಂಪು, ಆಸ್ಪತ್ರೆಯ ರಿಪೋರ್ಟ್ ನೋಡುವ ಪುಟ. ನನ್ನ ತಂಗಿಯ ಕೊನೆಯ ವಾರವನ್ನು ನಾನು ಕೊಟ್ಟಾರದ ಎಲ್ಲ ಹೊಸ ಬಳಕೆದಾರರಿಗೂ ಹಂಚಲು ಸಿದ್ಧ ಮಾಡಿಟ್ಟಿದ್ದೆ. ಟೀಚರು ನನ್ನ ಭುಜ ಮುಟ್ಟಿದರು. ಇತಿಹಾಸದ ಫೈಲನ್ನು ಬಿಟ್ಟು ನಕಲು ಮಾಡಬೇಕಿತ್ತು ಎಂಬುದೊಂದೇ ನನಗೆ ಹೊಳೆದದ್ದು, ಅದನ್ನೇ ಹೇಳಿದೆ.

ಎರಡನೆಯ ಅಚ್ಚನ್ನು ಖಾಲಿಯಿಂದ ಶುರುಮಾಡಿದೆ. ಸರಿಯಿದೆಯೇ ಎಂದು ನೋಡಲು ಸಂಜೆಯ ಬ್ಯಾಚಿನ ಒಬ್ಬ ನರ್ಸನ್ನು ಕೂರಿಸಿಕೊಂಡೆ. ನಮ್ಮ ಊರಿನಲ್ಲಿ ನರ್ಸುಗಳನ್ನೆಲ್ಲ ಸಿಸ್ಟರ್ ಎನ್ನುವುದು; ಇವರನ್ನೂ ಹಾಗೆಯೇ ಕರೆಯುತ್ತಿದ್ದೆ. ಸಿಸ್ಟರ್ ನಗರದ ಒಂದು ಆಸ್ಪತ್ರೆಯ ಐಸಿಯುವಿನಲ್ಲಿ ಕೆಲಸದಲ್ಲಿದ್ದರು. ಡ್ಯೂಟಿ ಮುಗಿಸಿ ನೇರ ಕ್ಲಾಸಿಗೆ ಬರುತ್ತಿದ್ದರು. ಮಗಳು ಇನ್ನೂ ಪ್ರಾಥಮಿಕ ಶಾಲೆಯಲ್ಲಿ. ಗಂಡ ಗಲ್ಫಿನಿಂದ ಬೆನ್ನುನೋವು ಕಟ್ಟಿಕೊಂಡು ವಾಪಸು ಬಂದು ಮನೆ ನೋಡಿಕೊಳ್ಳುತ್ತಿದ್ದರು. ಜರ್ಮನಿಯ ಒಂದು ಆಸ್ಪತ್ರೆ ಸಿಸ್ಟರಿಗೆ ಕೆಲಸ ಕೊಡಲು ಒಪ್ಪಿ ಕಾಯುತ್ತಿತ್ತು. ಬರವಣಿಗೆಯ ಭಾಗದಲ್ಲಿ ಅವರು ಆಗಲೇ ಎರಡು ಸಲ ಬಿದ್ದಿದ್ದರು. ಬರುವ ಶನಿವಾರದ ಪರೀಕ್ಷೆಯೂ ತಪ್ಪಿದರೆ ಆ ಜಾಗ ಬೇರೆಯವರ ಪಾಲಾಗುತ್ತದೆ ಎಂದು ಆಸ್ಪತ್ರೆಯವರು ತಿಳಿಸಿದ್ದರು.

ಅವರ ಕಷ್ಟ ಜರ್ಮನ್ ಅಲ್ಲ, ಜರ್ಮನ್ ಅಕ್ಷರಗಳ ತಲೆಯ ಮೇಲಿನ ಎರಡು ಚುಕ್ಕಿ. ಹಳೆಯ ವಿಂಡೋಸಿನಲ್ಲಿ ಆ ಅಕ್ಷರ ಬೇಕಾದಾಗಲೆಲ್ಲ ಆಲ್ಟ್ ಒತ್ತಿ ಹಿಡಿದು ಸಂಖ್ಯೆಗಳನ್ನು ಕುಟ್ಟಬೇಕಿತ್ತು. ಸಂಖ್ಯೆ ನೆನಪಿಸಿಕೊಳ್ಳುವಷ್ಟರಲ್ಲಿ ಬರೆಯಬೇಕಾದ ವಾಕ್ಯ ಮರೆತುಹೋಗುತ್ತದೆ ಎಂದರು. ನಾನು ಅಚ್ಚಿನಲ್ಲಿ ಕೀಬೋರ್ಡಿನ ವಿನ್ಯಾಸ ಬದಲಿಸಿದೆ. ಇಂಟರ್‌ನ್ಯಾಷನಲ್ ಎಂಬ ವಿನ್ಯಾಸ. ಉದ್ಧರಣ ಚಿಹ್ನೆ ಒತ್ತಿ ಆಮೇಲೆ ಯು ಒತ್ತಿದರೆ ಚುಕ್ಕಿಯಿರುವ ಯು ಬರುತ್ತದೆ. ಮೊದಲ ಕೀಲಿ ಒತ್ತಿದಾಗ ಪರದೆಯಲ್ಲಿ ಏನೂ ಕಾಣುವುದಿಲ್ಲ, ಮುಂದಿನ ಅಕ್ಷರಕ್ಕಾಗಿ ಅದು ಕಾಯುತ್ತದೆ. ಇಂಥ ಕೀಲಿಗೆ ಡೆಡ್ ಕೀ ಎಂದು ಹೆಸರು. ಸಿಸ್ಟರ್ ಒಂದು ಇಡೀ ಸಾಲು ಹೊಡೆದು, ಕುರ್ಚಿಯಲ್ಲೇ ಹಿಂದೆ ಒರಗಿ ನಕ್ಕರು.

"ಇದನ್ನು ಮೊದಲೇ ಹಾಕ್ಬಾರ್ದಿತ್ತಾ ಮಾರಾಯ್ತಿ? ನಾನು ಎರಡು ಸಲ ಫೇಲ್ ಆಗುವ ಅಗತ್ಯ ಇರ್ಲಿಲ್ಲ."

ಒಬ್ಬರಿಗೆ ಅಷ್ಟು ಸಂತೋಷವಾದದ್ದನ್ನು ನೋಡಿಯೂ ನನಗೆ ಏನೂ ಆಗಲಿಲ್ಲ. ಸರಿಯಾಯಿತಲ್ಲ ಎಂದು ಗುರುತು ಹಾಕಿ ಮುಂದಿನ ಯಂತ್ರಕ್ಕೆ ಹೋದೆ.

ಅಚ್ಚು ಎಲ್ಲ ಯಂತ್ರಗಳಿಗೂ ಹೋಯಿತು. ಒಂದು ಅಣಕು ಪರೀಕ್ಷೆಯೂ ಆಯಿತು, ಅದರಲ್ಲಿ ಎಲ್ಲರೂ ಕ್ರಮಸಂಖ್ಯೆ ಹಾಕಿ ಒಳಗೆ ಹೋದರು. ನಿಜವಾದ ಪರೀಕ್ಷೆಯಲ್ಲಿ ಕ್ರಮಸಂಖ್ಯೆ ಇಲ್ಲ, ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ ಹೆಸರು ಹೊಡೆಯಬೇಕು. ಅದಕ್ಕೆ ನಾನು ನನ್ನ ಹೆಸರು ಹೊಡೆದು ನೋಡಿದೆ, ಸರಿಯಿತ್ತು. ಪರೀಕ್ಷೆಯ ಹಿಂದಿನ ದಿನ ಮೇಜಿನ ಕೆಳಗೆ ಕೂತು ವಯರುಗಳನ್ನು ಕಟ್ಟುತ್ತಿದ್ದಾಗ ಟೀಚರು ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಡುವವರು ನಿಂತು ಕೇಳಿದರು: "ಅಲ್ಲ, ಕೋಮಾ ಇರುವವರಿಗೆ ಎಂತ ಮಾಡಿದ್ದೀರಿ? ತೊಂದರೆ ಆಗ್ಲಿಕ್ಕಿಲ್ಲ ಅಲ್ವಾ?"

ನನ್ನ ತಂಗಿ ಹೋದದ್ದು ಕೋಮಾದಲ್ಲಿ ಇದ್ದು. ಆ ದಿನಗಳಲ್ಲಿ ಫೋನ್ ಮಾಡಿದವರೆಲ್ಲ ಮೊದಲು ಕೇಳುತ್ತಿದ್ದದ್ದು ಅದನ್ನೇ, ಇನ್ನೂ ಕೋಮಾದಲ್ಲಿ ಇದ್ದಾಳಾ ಎಂದು. ಆ ಶಬ್ದ ಕಿವಿಗೆ ಬಿದ್ದರೆ ಉಳಿದ ಮಾತು ಒಳಗೆ ಹೋಗುವುದು ನಿಂತುಬಿಡುತ್ತಿತ್ತು. ಟೀಚರು ಏನು ಕೇಳುತ್ತಿದ್ದಾರೆ ಎಂದು ನಾನು ಯೋಚಿಸಲಿಲ್ಲ. ಎಲ್ಲ ಆಗಿದೆ ಎಂದೆ. ಅವರು ನಂಬಿ ಮೆಟ್ಟಿಲಿಳಿದು ಹೋದರು.

ಶನಿವಾರ ಪರೀಕ್ಷಾ ಸಂಸ್ಥೆಯ ಮೇಲ್ವಿಚಾರಕರು ಬಂದರು. ಘಟ್ಟದ ಮೇಲಿನವರು, ಅಚ್ಚುಕಟ್ಟಿನ ಮನುಷ್ಯ. ಅಂಗಿಯ ಜೇಬಿನಲ್ಲಿ ಇದ್ದ ಪೆನ್ನುಗಳಿಗೂ ಒಂದು ಕ್ರಮ ಇತ್ತು. ಯಂತ್ರಗಳನ್ನು ನೋಡಿ, ಸೀಲು ಮಾಡಿದೆ ಎಂದು ಸಹಿ ಹಾಕಿಸಿಕೊಂಡು, ನನ್ನನ್ನು ಗಾಜಿನ ಬಾಗಿಲ ಹೊರಗೆ ಕಳಿಸಿದರು. ಸೀಲು ಆದ ಮೇಲೆ ಕೇಂದ್ರದ ತಂತ್ರಜ್ಞರು ಒಳಗೆ ಬರಬಾರದು, ಅಭ್ಯರ್ಥಿಗಳ ಜೊತೆ ಮಾತನಾಡಬಾರದು, ಕೀಬೋರ್ಡು ಅಭ್ಯರ್ಥಿಯ ಹೊರತು ಬೇರೆ ಯಾರೂ ಮುಟ್ಟಬಾರದು. ನಿಯಮ ಒಳ್ಳೆಯದೇ. ನಾನು ಹೊರಗೆ ಸ್ಟೂಲು ಹಾಕಿಕೊಂಡು ಕೂತೆ.

ಎಲ್ಲರ ಪರದೆಯೂ ಒಂದೊಂದಾಗಿ ನೀಲಿಯಾಯಿತು, ಅಂದರೆ ಹೆಸರು ಒಪ್ಪಿತು, ಒಳಗೆ ಹೋದರು. ಸಿಸ್ಟರದ್ದು ಬಿಳಿಯಾಗಿಯೇ ಉಳಿಯಿತು. ಅವರು ಹೊಡೆದರು, ಅಳಿಸಿದರು, ಮತ್ತೆ ಹೊಡೆದರು. ಕೈ ಎತ್ತಿದರು. ಮೇಲ್ವಿಚಾರಕರು ಬಂದು ಬಗ್ಗಿ ನೋಡಿ, ಪಾಸ್‌ಪೋರ್ಟ್ ನೋಡಿ, ಮತ್ತೊಮ್ಮೆ ಸರಿಯಾಗಿ ಹೊಡೆಯಿರಿ ಎಂಬಂತೆ ಬೆರಳು ತೋರಿಸಿದರು. ಸಿಸ್ಟರ್ ಮೊದಲ ಅಕ್ಷರ ಒತ್ತಿದರು. ಆಮೇಲೆ ಬಲಗೈಯ ಕಿರುಬೆರಳಿನಿಂದ ಒಂದು ಕೀಲಿ ಒತ್ತಿ ತಲೆಯೆತ್ತಿ ಪರದೆ ನೋಡಿದರು. ಏನೂ ಬಂದ ಹಾಗೆ ಕಾಣಲಿಲ್ಲ. ಮತ್ತೆ ಅದನ್ನೇ ಒತ್ತಿದರು.

ಆ ಕಿರುಬೆರಳು ಯಾವ ಕೀಲಿಯ ಮೇಲಿತ್ತು ಎಂದು ನನಗೆ ಬಾಗಿಲಿನಿಂದಲೇ ಗೊತ್ತಾಯಿತು. ಟೀಚರು ಕೇಳಿದ್ದು ಯಾವ ಕೋಮಾ ಎಂದೂ ಆಗ ಗೊತ್ತಾಯಿತು.

ಸಿಸ್ಟರಿನ ಕುಲನಾಮ ಡಿಕುನ್ಹಾ. ಇಂಗ್ಲಿಷಿನಲ್ಲಿ ಬರೆಯುವಾಗ ಡಿ ಆದ ಮೇಲೆ ಮೇಲ್ಗಡೆ ಒಂದು ಚಿಹ್ನೆ ಬರುತ್ತದೆ, ಆಮೇಲೆ ಸಿ. ಪುಸ್ತಕದಲ್ಲಿ ಅದು ಅಪಾಸ್ಟ್ರಫಿ. ಮಂಗಳೂರಿನಲ್ಲಿ ಅದು ಕೋಮಾ. ಇಲ್ಲಿಯ ಯಾವ ಕೌಂಟರಿನಲ್ಲಾದರೂ ಡಿಸೋಜ, ಡಿಮೆಲ್ಲೊ ಎಂದು ಹೆಸರು ಹೇಳಿ ನೋಡಿ, ತಲೆಯೆತ್ತದೆ ಕೇಳುತ್ತಾರೆ: ಕೋಮಾ ಉಂಟಾ, ಇಲ್ವಾ? ಒಂದೇ ಮನೆಯಲ್ಲಿ ಅಪ್ಪನಿಗೆ ಕೋಮಾ ಇರುತ್ತದೆ, ಮಗನಿಗೆ ಇರುವುದಿಲ್ಲ, ಮಗಳಿಗೆ ಅದರ ಬದಲು ಒಂದು ಖಾಲಿ ಜಾಗ ಇರುತ್ತದೆ. ಚರ್ಚಿನಲ್ಲಿ ಬರೆದದ್ದು ಒಂದು, ಶಾಲೆಯಲ್ಲಿ ಬರೆದದ್ದು ಇನ್ನೊಂದು. ಆ ದಿನ ಪರೀಕ್ಷೆಗೆ ಕೂತಿದ್ದ ಉಳಿದ ಡಿಗಳೆಲ್ಲ ಪಾಸ್‌ಪೋರ್ಟಿನ ದಾರಿಯಲ್ಲಿ ಎಲ್ಲೋ ಕೋಮಾ ಕಳೆದುಕೊಂಡವರು. ಉಳಿಸಿಕೊಂಡಿದ್ದವರು ಸಿಸ್ಟರ್ ಒಬ್ಬರೇ.

ನಾನು ಹಾಕಿದ ವಿನ್ಯಾಸದಲ್ಲಿ ಆ ಕೋಮಾದ ಕೀಲಿಯೂ ಡೆಡ್ ಕೀ. ಒತ್ತಿದರೆ ಏನೂ ಕಾಣದು. ಮುಂದೆ ಸಿ ಒತ್ತಿದರೆ ಕೋಮಾ ಹೋಗಿ, ತಲೆಯ ಮೇಲೆ ಓರೆಗೀಟು ಹೊತ್ತ ಒಂದು ಸಿ ಬರುತ್ತದೆ. ಬರಲಿಲ್ಲವೆಂದು ಎರಡು ಸಲ ಒತ್ತಿದರೆ ಇನ್ನೂ ಕೇಡು: ಕೋಮಾದ ಹಾಗೆಯೇ ಕಾಣುವ, ಆದರೆ ಕೋಮಾ ಅಲ್ಲದ ಒಂದು ಓರೆ ಗುರುತು ಬರುತ್ತದೆ. ಕಣ್ಣಿಗೆ ಹೆಸರು ಸರಿ, ಯಂತ್ರಕ್ಕೆ ತಪ್ಪು. ಅದಕ್ಕೆ ಪರಿಹಾರ ಒಂದು ಬೆರಳಿನ ಕೆಲಸ. ಕೋಮಾ ಒತ್ತಿ, ಸ್ಪೇಸ್ ಒತ್ತಿದರೆ ಕೋಮಾ ಕೋಮಾವಾಗಿಯೇ ಕೂರುತ್ತದೆ.

ಬಾಗಿಲು ತಟ್ಟಿದೆ. ಮೇಲ್ವಿಚಾರಕರು ಅರ್ಧ ತೆರೆದು ಅಡ್ಡ ನಿಂತರು. ಕೀಬೋರ್ಡಿನ ಹೊಂದಿಕೆಯಲ್ಲಿ ದೋಷ ಇದೆ, ಬದಲಿಸಲು ಬಿಡಿ ಎಂದೆ. ಸೀಲು ಒಡೆದರೆ ಆ ಯಂತ್ರದ ಪರೀಕ್ಷೆ ರದ್ದು ಎಂದರು. ಹಾಗಾದರೆ ನೀವೇ ಅವರಿಗೆ ಒಂದು ಮಾತು ಹೇಳಿ ಎಂದೆ. ಹೆಸರು ಹೊಡೆಯುವುದು ಗುರುತಿನ ಪರಿಶೀಲನೆ, ಅದರಲ್ಲಿ ಸಹಾಯ ಮಾಡುವಂತಿಲ್ಲ, ಕಚೇರಿಗೆ ಮೇಲ್ ಕಳಿಸಿದ್ದೇನೆ, ಉತ್ತರ ಬರಲಿ ಎಂದರು. ಒಳಗೆ ಪ್ರವೇಶದ ಅವಧಿ ಮುಗಿಯುತ್ತಾ ಬಂದಿತ್ತು. ಇನ್ನೊಂದು ಸಲ ಹೆಸರು ತಪ್ಪಿದರೆ ಕಿಟಕಿ ಮುಚ್ಚಿಕೊಳ್ಳುತ್ತದೆ ಎಂಬ ಕೆಂಪು ಸಾಲು ಸಿಸ್ಟರಿನ ಪರದೆಯಲ್ಲಿ ಬಂದು ನಿಂತಿತ್ತು. ಮಾಲೀಕರು ಹಂಪನಕಟ್ಟೆಯಲ್ಲಿದ್ದರು, ಫೋನ್ ಎತ್ತಲಿಲ್ಲ. ಸಿಸ್ಟರ್ ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ನನ್ನ ಕಡೆ ನೋಡುತ್ತಿದ್ದರು. ಐಸಿಯುವಿನ ಬಾಗಿಲಲ್ಲಿ ನಿಂತು ನಾನು ಹೀಗೆಯೇ ಒಬ್ಬೊಬ್ಬರ ಮುಖ ನೋಡಿದ್ದೆ, ಯಾರಾದರೂ ಏನಾದರೂ ಹೇಳಲಿ ಎಂದು.

ಮೇಲ್ವಿಚಾರಕರ ಹೆಗಲ ಮೇಲಿಂದ ಗಟ್ಟಿಯಾಗಿ ಹೇಳಿದೆ: "ಹೆಸರಲ್ಲಿ ಕೋಮಾ ಇರುವವರು ಕೋಮಾ ಒತ್ತಿದ ಮೇಲೆ ಒಂದು ಸಲ ಸ್ಪೇಸ್ ಒತ್ತಿ. ಆಮೇಲೆ ಮುಂದಿನ ಅಕ್ಷರ."

ಕೋಣೆಯವರೆಲ್ಲ ತಿರುಗಿ ನೋಡಿದರು. ಸಿಸ್ಟರ್ ತಿರುಗಿದ್ದು ಪರದೆಯ ಕಡೆ. ಅಳಿಸಿ, ಒಂದೊಂದೇ ಅಕ್ಷರ ಒತ್ತಿದರು. ಪರದೆ ನೀಲಿಯಾಯಿತು.

"ಏನ್ ಹೇಳಿದ್ರಿ ಅವರಿಗೆ?" ಮೇಲ್ವಿಚಾರಕರು ಪೆನ್ನು ತೆಗೆದರು. "ಆ ಹೆಸರಲ್ಲಿ ಕೋಮಾನೇ ಇಲ್ವಲ್ಲ ಮೇಡಂ."

ಅವರು ಹೇಳಿದ್ದು ನಿಜ. ಕೋಮಾ ಎಂದರೆ ಅವರಿಗೆ ಸಾಲಿನ ಕೆಳಗೆ ಬರುವ ಅಲ್ಪವಿರಾಮ. ಇಲ್ಲದ ಚಿಹ್ನೆಯೊಂದನ್ನು ಹೇಳಿ ನಾನು ಅಭ್ಯರ್ಥಿಗೆ ಸಂಕೇತ ಕೊಟ್ಟೆ, ಇಡೀ ಕೋಣೆಯಲ್ಲಿ ಅದು ಅರ್ಥವಾದದ್ದು ಒಬ್ಬರಿಗೆ ಮಾತ್ರ ಎಂದು ವರದಿ ಬರೆದರು. ನಾನು ವಿವರಿಸಿದೆ, ಅದನ್ನೂ ಬರೆದುಕೊಂಡರು. ಪರೀಕ್ಷೆ ಮುಗಿಯಿತು. ಸಿಸ್ಟರ್ ಚೆನ್ನಾಗಿ ಬರೆದೆ ಎಂದು ಹೊರಗೆ ಬಂದರು. ಮುಂದಿನ ವಾರ ಉಳಿದವರ ಫಲಿತಾಂಶ ಬಂತು. ಅವರದ್ದನ್ನು ವಿಚಾರಣೆಗೆಂದು ತಡೆಹಿಡಿದರು.

ಹಾಗಾಗಿ ಅವರ ಜರ್ಮನಿ ಈಗ ನನ್ನ ಒಂದು ಶಬ್ದದ ಮೇಲೆ ನಿಂತಿತು. ಆಸ್ಪತ್ರೆಯವರು ಇನ್ನು ಸ್ವಲ್ಪವೇ ಕಾಯುತ್ತೇವೆ ಎಂದಿದ್ದರಂತೆ. ಸಿಸ್ಟರ್ ನನಗೆ ಬೈಯಲಿಲ್ಲ, ಕ್ಲಾಸಿಗೆ ಬರುವುದನ್ನು ನಿಲ್ಲಿಸಿದರು. ಬೈದಿದ್ದರೆ ಒಳ್ಳೆಯದಿತ್ತು.

ವಿಚಾರಣೆ ನಡೆದದ್ದು ಮಾಲೀಕರ ಕೋಣೆಯಲ್ಲಿ, ವಿಡಿಯೋ ಕರೆಯಲ್ಲಿ. ಆ ಕಡೆ ಪರೀಕ್ಷಾ ಸಂಸ್ಥೆಯ ಒಬ್ಬ ಅಧಿಕಾರಿ ಹೆಂಗಸು ಮತ್ತು ಮೇಲ್ವಿಚಾರಕರು. ಈ ಕಡೆ ಮಾಲೀಕರು, ಟೀಚರು, ನಾನು. ತಾಂತ್ರಿಕ ಲೋಪ ಎಂದು ಎರಡು ಮಾತಿನಲ್ಲಿ ಮುಗಿಸಿ, ಹೆಚ್ಚು ಮಾತನಾಡಬೇಡಿ ಎಂದು ಮಾಲೀಕರು ಮೊದಲೇ ಹೇಳಿದ್ದರು. ಕ್ಯಾಮೆರಾದ ಎದುರಿಗೇ ಅಚ್ಚಿನಿಂದ ಹೊಸ ಖಾತೆ ತೆರೆದೆ. ಡಿ, ಕೋಮಾ, ಸಿ ಹೊಡೆದು ಓರೆಗೀಟಿನ ಸಿ ತೋರಿಸಿದೆ. ಕೋಮಾ ಎರಡು ಸಲ ಹೊಡೆದು ಸುಳ್ಳು ಕೋಮಾ ತೋರಿಸಿದೆ. ಕೋಮಾ, ಸ್ಪೇಸ್, ಸಿ ಹೊಡೆದು ನಿಜವಾದ ಹೆಸರು ತೋರಿಸಿದೆ. ಅಧಿಕಾರಿಗೆ ತಾಂತ್ರಿಕ ವಿಷಯ ಅರ್ಥವಾಯಿತು. ಆದರೆ ಇನ್ನೊಂದು ಪ್ರಶ್ನೆ ಉಳಿಯಿತು. ಇದು ಇಲ್ಲಿ ಎಲ್ಲರೂ ಆಡುವ ಶಬ್ದ ಎನ್ನುತ್ತೀರಿ. ಅಷ್ಟು ಮಾಮೂಲಿಯಾಗಿದ್ದರೆ, ಇಂಥ ಹೆಸರುಗಳು ಇಷ್ಟಿರುವ ಊರಿನಲ್ಲಿ, ಪರೀಕ್ಷೆಗೆ ಮೊದಲು ಒಬ್ಬರಾದರೂ ಈ ಮಾತು ಎತ್ತಲಿಲ್ಲವೇ ಎಂದು ಕೇಳಿದರು. ಯಾರೂ ಎತ್ತಿಲ್ಲವಾದರೆ ಆ ಶಬ್ದ ಆ ದಿನಕ್ಕಾಗಿ ಹುಟ್ಟಿದ್ದು ಎಂದು ಅವರು ತಿಳಿಯುವುದರಲ್ಲಿ ತಪ್ಪಿರಲಿಲ್ಲ.

ಟೀಚರು ನನ್ನ ಕಡೆ ನೋಡಿದರು. ತಾನು ಕೇಳಿದ್ದೆ ಎಂದರೆ ಸಿಸ್ಟರ್ ಉಳಿಯುತ್ತಾರೆ, ನಾನು ಮುಳುಗುತ್ತೇನೆ ಎಂಬ ಲೆಕ್ಕ ಅವರ ಮುಖದಲ್ಲೇ ಇತ್ತು. ಆ ಲೆಕ್ಕ ಮಾಡುವ ಕಷ್ಟ ಅವರಿಗೆ ಏಕೆ ಎಂದು ನಾನೇ ಹೇಳಿದೆ.

"ಟೀಚರ್ ಹಿಂದಿನ ದಿನವೇ ಕೇಳಿದ್ದರು, ಇದೇ ಶಬ್ದದಲ್ಲಿ. ಕೋಮಾ ಇರುವವರಿಗೆ ಎಂತ ಮಾಡಿದ್ದೀರಿ ಅಂತ. ನನ್ನ ತಂಗಿ ಕೋಮಾದಲ್ಲಿ ಇದ್ದು ತೀರಿಹೋದದ್ದು. ಆ ಶಬ್ದ ಕೇಳಿದ ಮೇಲೆ ನನಗೆ ಬೇರೆ ಎಂತದೂ ಕೇಳ್ಲಿಲ್ಲ. ಎಲ್ಲ ಆಗಿದೆ ಅಂತ ಹೇಳಿಬಿಟ್ಟೆ."

ರೇಷನ್ ಅಂಗಡಿಯಲ್ಲಿ ವಿಳಾಸ ಹೇಳುವ ಧ್ವನಿಯಲ್ಲಿ ಹೇಳಿದ್ದೆ. ಮೇಲ್ವಿಚಾರಕರು ಕನ್ನಡಕ ತೆಗೆದು ಒರೆಸಿಕೊಂಡು, ಆ ದಿನ ನನಗೆ ಯಾಕೆ ಹೇಳಲಿಲ್ಲ ಮೇಡಂ ಎಂದು ಕೇಳಿದರು. ನಾನು ತೋರಿಸಲು ತೆರೆದಿದ್ದ ಖಾತೆಯಿಂದ ಲಾಗೌಟ್ ಆದೆ. ಆಮೇಲೆ ಅಧಿಕಾರಿ ಟೀಚರನ್ನು ಕೇಳಿದರು, ಅವರು ಹೌದು ಎಂದರು. ಅಧಿಕಾರಿ ಬರೆದುಕೊಂಡು, ತಿಳಿಸುತ್ತೇವೆ ಎಂದು ಕರೆ ಮುಗಿಸಿದರು.

ತೀರ್ಮಾನ ಬಂತು. ಸಿಸ್ಟರಿನ ಫಲಿತಾಂಶ ಬಿಡುಗಡೆ ಮಾಡುತ್ತೇವೆ, ಆದರೆ ಈ ಕೇಂದ್ರದಲ್ಲಿ ಸದ್ಯಕ್ಕೆ ಪರೀಕ್ಷೆ ನಡೆಸುವುದಿಲ್ಲ. ಮಾಲೀಕರು ಕೂಗಾಡಲಿಲ್ಲ. ಅಚ್ಚನ್ನು ಸರಿಪಡಿಸಿ ಹೋಗಿ, ಮುಂದೆ ಬೇಕಾದರೆ ನಾವೇ ಹೇಳಿ ಕಳಿಸುತ್ತೇವೆ ಎಂದರು. ಹೇಳಿ ಕಳಿಸುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಕೊನೆಯ ದಿನ ಹೋಗಿ ವಿನ್ಯಾಸ ಬದಲಿಸಿದೆ. ಇಂಟರ್‌ನ್ಯಾಷನಲ್ಲಿನಲ್ಲೇ ಇನ್ನೊಂದು ಬಗೆ ಇದೆ: ಕೋಮಾ ಸಾಮಾನ್ಯ ಕೋಮಾವಾಗಿಯೇ ಇರುತ್ತದೆ, ಚುಕ್ಕಿಯ ಅಕ್ಷರ ಬೇಕಾದವರು ಬಲಗಡೆಯ ಆಲ್ಟ್ ಹಿಡಿದುಕೊಳ್ಳಬೇಕು. ಮೊದಲೇ ಇದನ್ನು ಹಾಕಬಹುದಿತ್ತು. ಈ ಸಲ ಪ್ರತಿ ಯಂತ್ರದಲ್ಲೂ ಹೊಸ ಖಾತೆ ತೆರೆದು ಡಿಸೋಜ, ಡಿಕುನ್ಹಾ, ಡಿಮೆಲ್ಲೊ, ಡಿಸಿಲ್ವ ಎಂದು ಊರಿನ ಡಿಗಳನ್ನೆಲ್ಲ ಹೊಡೆದು ನೋಡಿದೆ. ಕೊನೆಯ ಯಂತ್ರದಲ್ಲಿ ಹೊಡೆಯುತ್ತಿದ್ದಾಗ ಸಿಸ್ಟರ್ ಮೆಟ್ಟಿಲು ಹತ್ತಿ ಬಂದರು. ಡ್ಯೂಟಿಯ ಬಟ್ಟೆಯಲ್ಲೇ ಇದ್ದರು. ಪಾಸಾದೆ ಎಂದರು. ಬರವಣಿಗೆಯಲ್ಲೂ. ಆಸ್ಪತ್ರೆಗೆ ಕಳಿಸಿಯೂ ಆಗಿತ್ತು, ಬನ್ನಿ ಎಂದು ಉತ್ತರವೂ ಬಂದಿತ್ತು.

"ದೇವ್ ಬರೆಂ ಕರುಂ," ಎಂದರು. ದೇವರು ಒಳ್ಳೆಯದು ಮಾಡಲಿ ಎಂದು ಕೊಂಕಣಿಯಲ್ಲಿ ಕೃತಜ್ಞತೆ ಹೇಳುವುದು ಹಾಗೆ. ಒಳ್ಳೆಯದಾಯಿತು ಎಂದೆ. ಅವರು ಹೋಗಲಿಲ್ಲ. ಪಕ್ಕದ ಕುರ್ಚಿ ಎಳೆದು ಕೂತರು. ವಿಚಾರಣೆಯಲ್ಲಿ ನಾನು ಹೇಳಿದ್ದನ್ನು ಟೀಚರು ಅವರಿಗೆ ಹೇಳಿದ್ದರು.

ಐಸಿಯುವಿನಲ್ಲಿ ತಂಗಿಯ ಹತ್ತಿರ ಮಾತಾಡಿದ್ರಾ ಎಂದು ಕೇಳಿದರು. ಯಾರೂ ನನ್ನನ್ನು ಅದನ್ನು ಕೇಳಿರಲಿಲ್ಲ. ಇಲ್ಲ ಎಂದೆ. ಅವಳಿಗೆ ಕೇಳುತ್ತದೋ ಇಲ್ಲವೋ ಗೊತ್ತಿರಲಿಲ್ಲ, ಪೈಪುಗಳನ್ನು ನೋಡುತ್ತಾ ನಿಂತು ಹೊರಗೆ ಬರುತ್ತಿದ್ದೆ ಎಂದೆ.

"ಕೇಳ್ತದಾ ಅಂತ ನಮಗೂ ಗೊತ್ತಿಲ್ಲ," ಎಂದರು ಸಿಸ್ಟರ್. "ಆದ್ರೂ ಹೆಸರು ಕರೆಯದೆ ನಾವು ಮುಟ್ಟುವುದಿಲ್ಲ. ಸೂಜಿ ಹಾಕುವಾಗ, ಮಗ್ಗುಲು ತಿರುಗಿಸುವಾಗ, ಪ್ರತಿ ಸಲವೂ ಹೆಸರು ಹೇಳಿಯೇ. ಅವರನ್ನೂ ಅಲ್ಲಿ ಯಾರಾದ್ರೂ ಕರೆದೇ ಕರೆದಿರ್ತಾರೆ." ಆಮೇಲೆ ಕೇಳಿದರು, "ಹೆಸರೆಂತ ಅವರದ್ದು?"

ಬೊಜ್ಜ ಮುಗಿದ ಮೇಲೆ ನಮ್ಮ ಮನೆಯಲ್ಲಿ ಆ ಹೆಸರನ್ನು ಯಾರೂ ಬಾಯಲ್ಲಿ ತಂದಿರಲಿಲ್ಲ. ಅಮ್ಮ ಅವಳು ಎನ್ನುತ್ತಿದ್ದರು, ನಾನು ಅದನ್ನೂ ಹೇಳುತ್ತಿರಲಿಲ್ಲ. ಹೇಳಿದೆ. ಸಿಸ್ಟರ್ ಆ ಹೆಸರನ್ನು ಒಂದು ಸಲ ಕರೆದರು. ಗಟ್ಟಿಯಾಗಿ ಅಲ್ಲ, ಮಲಗಿದವರನ್ನು ಕರೆಯುವ ಹಾಗೆ, ಕೊನೆಯ ಅಕ್ಷರ ಸ್ವಲ್ಪ ಎಳೆದು.

ನಾನು ಬಾಗಿಲ ಕಡೆ ತಿರುಗಿ ನೋಡಿದೆ. ಆಂ ಎಂದು ಉತ್ತರ ಬರುವುದನ್ನು ಕಾದೆ. ಬರಲಿಲ್ಲ. ನನ್ನ ತಂಗಿ ತೀರಿಹೋಗಿದ್ದಾಳೆ ಎಂದು ನನಗೆ ಗೊತ್ತಾದದ್ದು ಆಗ.